ಅಳತೆಗೆ ಹುಡುಗಿಯೇ ಬರಬೇಕು

ಅತ್-ಬಾಶಿ
21 ಸೆಪ್ಟೆಂಬರ್ 1997

ಉಲ್ಕಾನ್ ಅಕ್ಕಾ, ಸಲಾಂ.

ಗಂಟು ಕೈಸೇರಿತು. ಬಸ್ಸಿನ ಡ್ರೈವರ್ ಅದನ್ನು ಮೂಟೆಗಳ ಜೊತೆ ಮೇಲೆ ಕಟ್ಟದೆ ತನ್ನ ಸೀಟಿನ ಹಿಂದೆಯೇ ಇಟ್ಟುಕೊಂಡು ಬಂದಿದ್ದ. "ಏನಮ್ಮಾ ಇದು, ಘಾಟಿಯುದ್ದಕ್ಕೂ ಸರಸರ ಅಂತಿತ್ತು, ಒಳಗೆ ಜೀವ ಇರೋದೇನಾದ್ರೂ ಇದೆಯಾ?" ಎಂದು ಕೇಳಿದ.

ಮನೆಗೆ ತಂದು ಬಿಚ್ಚಿದೆವು. ಬಿಳಿ ಗೌನು ಇಡೀ ಕೋಣೆ ತುಂಬಿಕೊಂಡಿತು. ಮಗಳು ಜಿಬೆಕ್ ಬಾಯಿ ತೆರೆದುಕೊಂಡು ನಿಂತಳು. ಹದಿನಾಲ್ಕರ ಹುಡುಗಿ, ಮುಟ್ಟುತ್ತೇನೆ ಅಂದಳು, ನಾನು ಕೈ ಮೇಲೆ ಒಂದು ಕೊಟ್ಟೆ. ಅತ್ತೆ ಮಾತ್ರ ಕೈ ತೊಳೆದುಕೊಂಡು ಬಂದು ಸವರಿ ನೋಡಿ, "ಇದನ್ನ ನನ್ನ ಮಗಳು ಹೊಲಿದಳಾ? ಸಣ್ಣವಳಿದ್ದಾಗ ಒಂದು ಗುಂಡಿ ಹಾಕೇ ಅಂದ್ರೆ ಅಳ್ತಿದ್ದಳು," ಎಂದರು. ಅವರ ಬಾಯಲ್ಲಿ ಅದು ಹೊಗಳಿಕೆ, ನಿಮಗೇ ಗೊತ್ತು.

ನಿಮ್ಮ ತಮ್ಮ ಕೆನೆಶ್ ತೀರಿಹೋಗಿ ಎರಡು ವರ್ಷ. ನಾನು ಕೆಲಸ ಮಾಡುತ್ತಿದ್ದ ಶಿಶುವಿಹಾರಕ್ಕೆ ಬೀಗ ಬಿದ್ದು ಒಂದು ವರ್ಷ. ನಿಮ್ಮ ಹೊಲಿಗೆ ಫ್ಯಾಕ್ಟರಿಯಲ್ಲಿ ಏನಾದರೂ ಕೆಲಸ ಸಿಗುತ್ತದಾ ಎಂದು ಕೇಳಿ ಬರೆದರೆ ನೀವು ಗೌನು ಕಳಿಸಿದ್ದೀರಿ. "ಮಾರಬೇಡ, ಬಾಡಿಗೆಗೆ ಕೊಡು" ಎಂದು ಒಂದೇ ಸಾಲಿನ ಚೀಟಿ. ಮೊದಲು ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ನಮಗೆ ಬೇಕಾದದ್ದು ಹಿಟ್ಟು, ಕಲ್ಲಿದ್ದಲು. ರಾತ್ರಿ ಯೋಚನೆ ಮಾಡಿದಾಗ ತಿಳಿಯಿತು. ಈ ಊರಲ್ಲಿ ಯಾರ ಹತ್ತಿರ ಏನಿಲ್ಲದಿದ್ದರೂ ಮದುವೆಗಳು ನಿಲ್ಲುವುದಿಲ್ಲ. ಗೌನು ಬೇಕೆಂದರೆ ನಾರಿನ್ ಪಟ್ಟಣಕ್ಕೆ ಹೋಗಬೇಕು, ಹೋಗಿಬರುವ ಪೆಟ್ರೋಲಿಗೇ ಒಂದು ಕುರಿ ಮಾರಬೇಕು.

ಜಿಬೆಕ್ ಗೇಟಿನ ಮೇಲೆ ಇದ್ದಿಲಿನಲ್ಲಿ "ಮದುವೆ ಗೌನು ಬಾಡಿಗೆಗಿದೆ" ಎಂದು ಬರೆದಿದ್ದಾಳೆ. ಫ್ಯಾಕ್ಟರಿಯ ಬಟ್ಟೆ ನಿಮಗೆ ಕಡಿಮೆ ಬೆಲೆಗೆ ಸಿಗುತ್ತದೆ ಅಂದುಕೊಂಡಿದ್ದೇನೆ. ಆದರೂ ಋಣ ತೀರಿಸುತ್ತೇನೆ.

ಸಾಲ್ಕಿನ್

*

ಬಿಷ್ಕೆಕ್
5 ಅಕ್ಟೋಬರ್ 1997

ಸಾಲ್ಕಿನ್,

ಋಣದ ಮಾತು ಬಿಡು. ಕೆಲಸದ ಮಾತು ಕೇಳು.

ಬೆನ್ನಿಗೆ ಜಿಪ್ಪು ಬೇಕಂತಲೇ ಹಾಕಿಲ್ಲ. ದಾರ ಹೆಣೆದು ಕಟ್ಟುವ ಹಾಗೆ ಮಾಡಿದ್ದೇನೆ. ಸಣ್ಣವಳು ಬಂದರೆ ಬಿಗಿ ಎಳೆ, ದಪ್ಪಗಿದ್ದವಳು ಬಂದರೆ ಸಡಿಲ ಬಿಡು. ಹೊಟ್ಟೆಯಲ್ಲಿ ಕೂಸಿದ್ದವಳಿಗೂ ಆಗುತ್ತದೆ, ಅಂಥವರೂ ಬರುತ್ತಾರೆ. ಏನೂ ಕೇಳಬೇಡ, ಕಟ್ಟಿ ಕಳಿಸು.

ಮಾಂಸದ ಕೊಬ್ಬು ಬಿದ್ದರೆ ಮೊದಲು ಉಪ್ಪು, ಆಮೇಲೆ ಉಗುರುಬೆಚ್ಚಗಿನ ನೀರು. ಹಿಂಡಬೇಡ. ಚಮಕಿ ಇರುವ ಕಡೆ ಇಸ್ತ್ರಿ ತಾಗಿಸಬೇಡ, ಕರಗಿಹೋಗುತ್ತದೆ. ಗಂಡಿನ ಕಡೆಯವರ ಗುರುತಿನ ಪಾಸ್‌ಪೋರ್ಟ್ ಅಡ ಇಟ್ಟುಕೊ, ಗೌನು ವಾಪಸು ಬಂದ ಮೇಲೆ ಕೊಡು. ಬಳಗದವರಿಗೆ ಪುಕ್ಕಟೆ ಕೊಡಬೇಡ. ಒಬ್ಬರಿಗೆ ಕೊಟ್ಟರೆ ಇಡೀ ಅತ್-ಬಾಶಿ ನಿನ್ನ ಬಳಗವೇ.

ಅಮ್ಮನ ಮೊಣಕಾಲಿಗೆ ಬ್ಯಾಜರ್ ಪ್ರಾಣಿಯ ಕೊಬ್ಬು ಹಚ್ಚು. ಫ್ಯಾಕ್ಟರಿಯಲ್ಲಿ ಎಲ್ಲ ಚೆನ್ನಾಗಿದೆ. ಇನ್ನು ಮುಂದೆ ಪತ್ರ ಫ್ಯಾಕ್ಟರಿಗೆ ಹಾಕಬೇಡ, ಗೇಟಿನಲ್ಲಿ ಕಳೆದುಹಾಕುತ್ತಾರೆ. ಲಕೋಟೆಯ ಹಿಂದೆ ಬರೆದಿರುವ ಹಾಸ್ಟೆಲ್ ವಿಳಾಸಕ್ಕೆ ಹಾಕು.

ಉಲ್ಕಾನ್

*

ಅತ್-ಬಾಶಿ
16 ನವೆಂಬರ್ 1997

ಅಕ್ಕಾ,

ಕೈ ಒಡೆದು ಪೆನ್ನು ನಿಲ್ಲುತ್ತಿಲ್ಲ, ಅಕ್ಷರ ಸಹಿಸಿಕೊಳ್ಳಿ. ಇವತ್ತು ಗೌನನ್ನು ಒಗೆದದ್ದು ಎಷ್ಟನೆಯ ಸಲವೋ, ಲೆಕ್ಕ ಬಿಟ್ಟಿದ್ದೇನೆ. ಕುಣಿದು ಕುಣಿದು ಅಂಚಿನ ತುಂಬ ಕೆಸರು. ಮಡಿಲ ಮೇಲೆ ಸಾರು. ಒಬ್ಬಳಂತೂ ಗೌನು ತೊಟ್ಟುಕೊಂಡೇ ಹಸು ಕರೆದಿದ್ದಾಳೆ! "ಅದು ಬೇರೆ ಯಾರಿಗೂ ಕೆಚ್ಚಲು ಮುಟ್ಟೋಕೆ ಬಿಡಲ್ಲ ಅಕ್ಕಾ, ನಾನೇನು ಮಾಡ್ಲಿ?" ಎಂದಳು. ನಕ್ಕುಬಿಟ್ಟೆ.

ಹೊರಗೆ ಹಾಕಿದರೆ ಬಟ್ಟೆ ಹಲಗೆಯಂತೆ ಸೆಟೆದುಕೊಳ್ಳುತ್ತದೆ. ಅದಕ್ಕೆ ಒಳಗೇ, ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತೇನೆ. ನಾವು ಮೂವರೂ ಅದರ ಕೆಳಗೇ ಮಲಗುತ್ತೇವೆ. ಮುಖದ ಮೇಲೆ ಹನಿ ಬಿದ್ದರೆ ಅತ್ತೆ ಎದ್ದು ಕೂತು, "ಯಾವನ ಮದುವೇನೋ ಏನೋ, ನನಗೆ ಸ್ನಾನ," ಎನ್ನುತ್ತಾರೆ. ಕರೆಂಟು ಇರುವುದು ಕಡಿಮೆ. ಒಲೆಯ ಮೇಲೆ ಕಾಯಿಸುವ ಹಳೆಯ ಇಸ್ತ್ರಿಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದ್ದೇನೆ, ಬಲಭುಜ ಬಿದ್ದುಹೋಗಿದೆ.

ದುಡ್ಡು ಕೊಡುವವರು ಕೊಡುತ್ತಾರೆ. ಇಲ್ಲದವರು ಆಲೂಗಡ್ಡೆ, ಬೆರಣಿ, ಕುರಿಯ ಚರ್ಮ ತಂದುಹಾಕುತ್ತಾರೆ. ಆದರೂ ಈ ಚಳಿಗಾಲ ನಮ್ಮ ಮನೆಯಲ್ಲಿ ಒಲೆ ಆರಿಲ್ಲ, ಅಷ್ಟು ಸತ್ಯ. ಒಂದೇ ವಾರ ಎರಡು ಮದುವೆ ಬಂದರೆ ಒಂದನ್ನು ವಾಪಸು ಕಳಿಸಬೇಕಾಗುತ್ತದೆ, ಹೊಟ್ಟೆ ಉರಿಯುತ್ತದೆ. ಇನ್ನೊಂದು ಗೌನು ಹೊಲಿದು ಕಳಿಸುತ್ತೀರಾ? ಬಟ್ಟೆ ಅಲ್ಲೇ ಇರುತ್ತದಲ್ಲ. ಬಂದ ಬಾಡಿಗೆಯಲ್ಲಿ ಅರ್ಧ ನಿಮಗೇ ಕಳಿಸುತ್ತೇನೆ.

ಸಾಲ್ಕಿನ್

*

ಬಿಷ್ಕೆಕ್
10 ಡಿಸೆಂಬರ್ 1997

ಸಾಲ್ಕಿನ್,

ಇನ್ನೊಂದು ಗೌನು ಆಗುವುದಿಲ್ಲ. ಇರುವುದನ್ನೇ ಜೋಪಾನ ಮಾಡು. ಇಲ್ಲಿ ನನಗೂ ಖರ್ಚುಗಳಿವೆ.

ಅಮ್ಮನಿಗೆ ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ನಿನ್ನ ಕೈಗೆ ಕುರಿಕೊಬ್ಬು ಸವರಿಕೋ.

ಉಲ್ಕಾನ್

*

ಅತ್-ಬಾಶಿ
2 ಫೆಬ್ರವರಿ 1998

ಉಲ್ಕಾನ್ ಅಕ್ಕನವರಿಗೆ,

ಕಾಲುಚೀಲ ತಲುಪಿದವು. ಅತ್ತೆ ಆರೋಗ್ಯವಾಗಿದ್ದಾರೆ. ಜಿಬೆಕ್ ಓದುತ್ತಿದ್ದಾಳೆ.

ಎರಡನೆಯ ಗೌನನ್ನು ನಾನೇ ಹೊಲಿದುಕೊಂಡೆ. ಶಿಶುವಿಹಾರದ ಹಳೆಯ ಜಾಲರಿ ಪರದೆಗಳನ್ನು ಹೆಡ್‌ಮಿಸ್ಸು ಕೊಟ್ಟರು. ತೋಳು ಒಂದು ಉದ್ದ ಒಂದು ಗಿಡ್ಡ ಆಗಿದೆ. ಫೋಟೋದಲ್ಲಿ ಕಾಣುವುದಿಲ್ಲ ಎಂದು ಹೇಳಿ ಕೊಡುತ್ತಿದ್ದೇನೆ.

ನಿಮಗೆ ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ. ಪಟ್ಟಣದಲ್ಲಿ ಖರ್ಚು ಹೆಚ್ಚು, ನನಗೆ ತಿಳಿಯಲಿಲ್ಲ.

ಸಾಲ್ಕಿನ್

*

ಅತ್-ಬಾಶಿ
26 ಏಪ್ರಿಲ್ 1998

ಅಕ್ಕಾ,

ನೀವು ಉತ್ತರ ಬರೆಯಲಿಲ್ಲ. ನಾನೂ ಬರೆಯಬಾರದು ಅಂದುಕೊಂಡಿದ್ದೆ. ಆದರೆ ನಡೆದದ್ದು ಬೇರೆಯವರ ಬಾಯಿಂದ ನಿಮಗೆ ತಲುಪುವ ಮೊದಲು ನನ್ನಿಂದಲೇ ತಲುಪಲಿ.

ಎರಡು ವಾರದ ಹಿಂದೆ, ಮಂಗಳವಾರ ಸಂಜೆ, ನಾನು ನೀರಿಗೆ ಹೋಗಿದ್ದಾಗ ತಿಲೆಕ್ ಮನೆಗೆ ಬಂದಿದ್ದಾನೆ. ಹಿಟ್ಟಿನ ಗಿರಣಿಯ ಶೆರ್ಗಾಜಿಯ ಮಗ. ಜೊತೆಗೆ ಇಬ್ಬರು ಗೆಳೆಯರು. ನಾನು ಬರುವಷ್ಟರಲ್ಲಿ ಅತ್ತೆ ಅವರಿಗೆ ಚಹಾ ಕೊಟ್ಟು, ಮಾಮೂಲಿಗಿಂತ ಮೂರು ಪಟ್ಟು ದುಡ್ಡನ್ನು ತೆಗೆದುಕೊಂಡು ದಿಂಬಿನ ಕೆಳಗೆ ಇಟ್ಟಾಗಿತ್ತು. ಶನಿವಾರಕ್ಕೆ ಗೌನು ಬೇಕಂತೆ.

"ಸರಿ, ಹುಡುಗಿಯನ್ನ ಅಳತೆಗೆ ಕರ್ಕೊಂಡು ಬಾ," ಅಂದೆ.

"ಅಳತೆ ಯಾಕಕ್ಕಾ? ಇಷ್ಟುದ್ದ ಇದ್ದಾಳೆ," ಎಂದು ತಿಲೆಕ್ ತನ್ನ ಎದೆಯ ಹತ್ತಿರ ಕೈ ಹಿಡಿದು ತೋರಿಸಿದ.

"ಬೆನ್ನಿನ ದಾರ ಕಟ್ಟಬೇಕಲ್ಲಪ್ಪ. ಅವಳೇ ಬರಲಿ."

ಗೆಳೆಯನೊಬ್ಬ ಕಿಸಕ್ಕನೆ ನಕ್ಕ. "ಅವಳಿಗಿನ್ನೂ ಗೊತ್ತಿಲ್ಲ ಅಕ್ಕಾ. ಶನಿವಾರ ಗೊತ್ತಾಗುತ್ತೆ. ಪೋಸ್ಟಾಫೀಸಿನ ಕಿಟಕಿಯಿಂದ ನೇರ ಕಾರಿಗೆ!"

ಪೋಸ್ಟಾಫೀಸಿನ ಕಿಟಕಿಯಲ್ಲಿ ಕೂರುವವಳು ಕುಂದುಜ್. ನಾಲ್ಕು ವರ್ಷದವಳಿದ್ದಾಗ ನನ್ನ ಶಿಶುವಿಹಾರದಲ್ಲಿದ್ದಳು. ಗಂಜಿ ಬಾಯಿಗಿಟ್ಟರೆ ನುಂಗದೆ ಕೆನ್ನೆಯಲ್ಲೇ ಇಟ್ಟುಕೊಂಡಿರುತ್ತಿದ್ದಳು.

ಅವರು ಹೋದರು. ಪರದೆಯ ಗೌನನ್ನು ಬೇರೆಯವರು ಒಯ್ದಿದ್ದರು, ನೀವು ಕಳಿಸಿದ್ದು ಮನೆಯಲ್ಲಿತ್ತು. ಒಲೆಯ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟೆ. ಅಕ್ಕಾ, ನಾನು ಒಳ್ಳೆಯವಳಲ್ಲ. ಮೂರು ಪಟ್ಟು ದುಡ್ಡು, ಬೇಸಗೆಯವರೆಗೆ ಹಿಟ್ಟು ಎಂದು ಲೆಕ್ಕ ಹಾಕಿಕೊಂಡೇ ಇಸ್ತ್ರಿಗೆ ಶುರುಮಾಡಿದೆ. ಅರ್ಧ ತೋಳು ಆಗಿತ್ತು. ಆಗ ನೆನಪಾಯಿತು.

ನನ್ನನ್ನು ಈ ಮನೆಗೆ ಎತ್ತಿಕೊಂಡು ಬಂದ ದಿನ ನೀವು ನನ್ನ ತಲೆಗೆ ಬಿಳಿ ವಸ್ತ್ರ ಕಟ್ಟಿದಿರಿ, ಅದು ತಲೆಯ ಮೇಲೆ ನಿಂತರೆ ಸೊಸೆಯಾದ ಹಾಗೆ. ಎರಡು ಸಲ ಕಿತ್ತೆಸೆದೆ. ಮೂರನೆಯ ಸಲ ಕಟ್ಟಿದಿರಿ. ಅತ್ತೆ ಹೊಸ್ತಿಲಿಗೆ ಅಡ್ಡ ಮಲಗಿದ್ದರು, ಹಿರಿಯರನ್ನು ದಾಟಿದರೆ ಶಾಪ ಎಂದು ದಾಟಲಾರದೆ ಹೋದೆ. ಆ ವಸ್ತ್ರ ಇಸ್ತ್ರಿಯಾಗಿತ್ತು ಅಕ್ಕಾ. ಮಡಿಕೆಗಳು ಇನ್ನೂ ಬೆಚ್ಚಗಿದ್ದವು. ನಾನು ಕಾಲೇಜಿನಿಂದ ಬಸ್ಸಿಗೆ ನಡೆದುಬರುತ್ತಿದ್ದ ಹೊತ್ತಿಗೆ, ಏನೂ ಗೊತ್ತಿಲ್ಲದೆ ಸೂರ್ಯಕಾಂತಿ ಬೀಜ ತಿನ್ನುತ್ತಾ ಬರುತ್ತಿದ್ದ ಹೊತ್ತಿಗೆ, ಈ ಮನೆಯಲ್ಲಿ ಯಾರೋ ಅದಕ್ಕೆ ಇಸ್ತ್ರಿ ಹಾಕುತ್ತಿದ್ದರು. ಕೆನೆಶ್ ಕೆಟ್ಟವನಾಗಿರಲಿಲ್ಲ. ಅವನ ಸಾವಿಗೆ ನಾನು ಅತ್ತದ್ದು ನಿಜವಾದ ಅಳು. ಆದರೆ ಅದು ಬೇರೆ ಮಾತು.

ಪೆಟ್ಟಿಗೆಯನ್ನು ಕೆಳಗಿಟ್ಟೆ. ದಿಂಬಿನ ಕೆಳಗಿನ ದುಡ್ಡು ತೆಗೆದೆ. ಅತ್ತೆ ಕೈ ಹಿಡಿದುಕೊಂಡರು. "ಎಲ್ಲಿಗೇ? ನಾನೂ ಹಂಗೇ ಬಂದೋಳು, ನೀನೂ ಹಂಗೇ ಬಂದೋಳು. ಸತ್ತು ಹೋದ್ವಾ?"

"ಸತ್ತಿಲ್ಲ ಅತ್ತೆ," ಅಂದೆ.

ದುಡ್ಡನ್ನು ಗಿರಣಿಯಲ್ಲಿ ತಿಲೆಕ್‌ನ ಕೈಗೇ ಕೊಟ್ಟು ಬಂದೆ. ಮರುದಿನ ಸ್ಟಾಂಪು ಕೊಳ್ಳುವ ನೆಪದಲ್ಲಿ ಕುಂದುಜ್‌ಗೆ ಹೇಳಿದೆ. ಚಿಲ್ಲರೆ ಎಣಿಸಿ ಕೊಟ್ಟಳು, ಹೆಚ್ಚು ಕೊಟ್ಟಿದ್ದಳು, ವಾಪಸು ಕೊಟ್ಟೆ. ಗುರುವಾರದ ಮೊದಲ ಬಸ್ಸಿಗೆ ನಾರಿನ್‌ನಲ್ಲಿರುವ ಚಿಕ್ಕಮ್ಮನ ಮನೆಗೆ ಹೋಗಿದ್ದಾಳೆ. ಪೋಸ್ಟಾಫೀಸಿನ ಕಿಟಕಿ ಮುಚ್ಚಿತ್ತು, ಅದಕ್ಕೇ ಪತ್ರ ತಡ.

ಆಮೇಲೆ ಯಾರೂ ಗೌನು ಕೇಳಿ ಬಂದಿಲ್ಲ. ಶೆರ್ಗಾಜಿಯ ಗಿರಣಿಯಲ್ಲಿ ನಮಗೆ ಹಿಟ್ಟಿಲ್ಲ. ಗೇಟಿನ ಮೇಲಿನ ಅಕ್ಷರಕ್ಕೆ ಯಾರೋ ಸೆಗಣಿ ಬಳಿದಿದ್ದಾರೆ. ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಜಿಬೆಕ್ ಮುಖಾಂತರ ಉಪ್ಪು ಕೇಳುತ್ತಾರೆ.

ಸಾಲ್ಕಿನ್

*

ಬಿಷ್ಕೆಕ್
20 ಮೇ 1998

ಸಾಲ್ಕಿನ್,

ನಿನ್ನ ಪತ್ರ ಓದಿ ಒಲೆಗೆ ಹಾಕಬೇಕು ಅನ್ನಿಸಿತು. ಇಲ್ಲಿ ನನಗೆ ಒಲೆ ಇಲ್ಲ.

ಯಾರೋ ಒಬ್ಬಳ ಮಗಳಿಗಾಗಿ ನೀನು ಮೂವರ ಅನ್ನ ಚೆಲ್ಲಿದ್ದೀಯ. ಶೆರ್ಗಾಜಿಯನ್ನು ಎದುರು ಹಾಕಿಕೊಂಡು ಅತ್-ಬಾಶಿಯಲ್ಲಿ ಯಾರು ಬಾಳಿದ್ದಾರೆ? ನನ್ನ ಮೇಲೆ ಸಿಟ್ಟಿದ್ದರೆ ನನಗೆ ಬೈದು ಬರೆಯಬೇಕಿತ್ತು. ನಾನು ಎರಡನೆಯ ಗೌನು ಕೊಡಲಿಲ್ಲ ಎಂದು ಮೊದಲನೆಯದನ್ನು ಮೂಲೆಗೆ ಹಾಕಿ ತೋರಿಸಿದೆಯಾ?

ಹಾಗಾದರೆ ಕೇಳು. ಫ್ಯಾಕ್ಟರಿ ಇಲ್ಲ. ನಿನಗೆ ಗೌನು ಕಳಿಸುವ ಮೊದಲೇ, ಹೋದ ವರ್ಷ ವಸಂತದಲ್ಲೇ ಬಾಗಿಲು ಹಾಕಿದರು. ಮೆಷಿನ್‌ಗಳನ್ನು ಲಾರಿಗೆ ತುಂಬಿ ಎಲ್ಲಿಗೋ ಒಯ್ದರು. ನಮಗೆ ಬಾಕಿ ಸಂಬಳಕ್ಕೆ ಬದಲು ಸ್ಯಾಟಿನ್ ಬಟ್ಟೆಯ ಥಾನು ಕೊಟ್ಟರು. ನಿನ್ನ ಗೌನು ಅದೇ. ನನ್ನ ಇಪ್ಪತ್ತೆರಡು ವರ್ಷದ ಕೊನೆಯ ಸಂಬಳ. ಉಳಿದವರು ಮಾರಿಕೊಂಡು ತಿಂದರು. ನಾನು ಹೊಲಿದೆ. ನೀನು ಇನ್ನೊಂದು ಕೇಳಿದಾಗ ಥಾನು ಮುಗಿದಿತ್ತು. ಬೆಳಗಿನಿಂದ ಸಂಜೆಯವರೆಗೆ ಬಜಾರಿನಲ್ಲಿ ಬೇರೊಬ್ಬಳ ಕಂಟೇನರ್ ಅಂಗಡಿಯ ಮುಂದೆ ನಿಂತು ಚೀನಾದ ಕಾಲುಚೀಲ ಮಾರುತ್ತೇನೆ. ಅಮ್ಮನಿಗೆ ಹೇಳಬೇಡ.

ವಸ್ತ್ರದ ಮಾತು. ನನ್ನ ಮದುವೆಗೂ ಯಾರೋ ಇಸ್ತ್ರಿ ಮಾಡಿದ್ದರು. ನಾನು ಯಾವತ್ತೂ ಯಾರು ಅಂತ ಕೇಳಲಿಲ್ಲ. ಆ ಗಂಡ ಎರಡೇ ವರ್ಷಕ್ಕೆ ಬಿಟ್ಟುಹೋದಾಗಲೂ ಕೇಳಲಿಲ್ಲ. ನೀನೂ ಕೇಳಬೇಡ.

ಉಲ್ಕಾನ್

*

ಅತ್-ಬಾಶಿ
14 ಜೂನ್ 1998

ಅಕ್ಕಾ,

ನಿಮ್ಮ ಪತ್ರವನ್ನು ಹೊಲದಲ್ಲಿ ಓದಿದೆ. ಕೂಲಿಗೆ ಆಲೂಗಡ್ಡೆಯ ಕಳೆ ಕೀಳಲು ಹೋಗುತ್ತಿದ್ದೇನೆ. ಓದಿ ಅಲ್ಲೇ ಸಾಲಿನ ಮಧ್ಯೆ ಕೂತುಬಿಟ್ಟೆ. ಚಳಿಗಾಲವಿಡೀ ನಿಮ್ಮನ್ನು ಜಿಪುಣಿ ಎಂದು ಮನಸ್ಸಿನಲ್ಲೇ ಬೈಯುತ್ತಾ ನಿಮ್ಮ ಸಂಬಳವನ್ನು ಒಗೆದೆ, ಒಣಗಿಸಿದೆ, ಊರಿನವರಿಗೆಲ್ಲ ಉಡಿಸಿದೆ. ನನಗೆ ತಿಳಿಯಲಿಲ್ಲ. ನೀವೂ ತಿಳಿಸಲಿಲ್ಲ.

ಅತ್ತೆಗೆ ಹೇಳಿಲ್ಲ. ಅವರಿಗೆ ಗೊತ್ತಿದೆ ಅನ್ನಿಸುತ್ತದೆ. ನಿನ್ನೆ ಕಾಲುಚೀಲವನ್ನು ತಿರುಗಿಸಿ ನೋಡುತ್ತಾ, "ಇದು ಬಜಾರಿನ ಮಾಲು, ಫ್ಯಾಕ್ಟರಿಯಲ್ಲಿ ಇರೋಳಿಗೆ ಇದು ಯಾಕೆ ಸಿಗುತ್ತೆ?" ಎಂದರು. ನನ್ನ ಜೊತೆಯೇ ಮಾತಾಡಿದರು, ಜಿಬೆಕ್ ಮುಖಾಂತರ ಅಲ್ಲ.

ಒಂದು ಸಂಗತಿ ಇದೆ. ಹೋದ ವಾರ ಕಾರಾ-ಸೂ ಕಡೆಯ ಹಳ್ಳಿಯಿಂದ ಒಬ್ಬ ಹೆಂಗಸು ಕುದುರೆಯ ಮೇಲೆ ಮಗಳನ್ನು ಕೂರಿಸಿಕೊಂಡು ಬಂದಳು. "ನೀನು ಹುಡುಗಿ ಬಾಯಿಂದಲೇ ಕೇಳಿ ಗೌನು ಕೊಡ್ತೀಯಂತೆ, ಹೌದಾ? ಕೇಳು. ನನ್ನ ಮಗಳು ಅವಳಿಗೆ ಬೇಕಾದವನನ್ನೇ ಕಟ್ಟಿಕೊಳ್ತಿದ್ದಾಳೆ. ನಾಳೆ ಯಾರೂ ಎತ್ತಿಕೊಂಡು ಬಂದದ್ದು ಅಂತ ಆಡಬಾರದು," ಎಂದಳು. ಹುಡುಗಿ ನಾಚಿ, "ಹೂಂ, ನಾನೇ ಒಪ್ಪಿದ್ದು," ಎಂದಳು. ನಾನು ಅಂಥ ನಿಯಮ ಏನೂ ಮಾಡಿರಲಿಲ್ಲ. ಊರೇ ಮಾಡಿಕೊಂಡಿದೆ, ನನ್ನನ್ನು ಆಡಿಕೊಳ್ಳಲು. ಇರಲಿ ಎಂದು ಸೆಗಣಿ ತೊಳೆದು ಗೇಟಿನ ಮೇಲೆ ಅದನ್ನೇ ಬರೆದಿದ್ದೇನೆ: ಅಳತೆಗೆ ಹುಡುಗಿಯೇ ಬರಬೇಕು.

ಹೆಡ್‌ಮಿಸ್ಸು ಶಿಶುವಿಹಾರದ ಒಂದು ಕೋಣೆ ಕೊಡುತ್ತೇನೆ ಅಂದಿದ್ದಾರೆ, ಮಕ್ಕಳು ಕೋಟು ತೂಗುಹಾಕುತ್ತಿದ್ದ ಕೋಣೆ. ಬಾಡಿಗೆಗೆ ಬದಲು ಕಟ್ಟಡ ನೋಡಿಕೊಳ್ಳಬೇಕು. ನೀವು ಬಂದುಬಿಡಿ. ನನಗೆ ಹೊಲಿಯಲು ಬರುವುದಿಲ್ಲ. ನಿಮಗೆ ಬರುತ್ತದೆ.

ಸಾಲ್ಕಿನ್

*

ಬಿಷ್ಕೆಕ್
5 ಜುಲೈ 1998

ಸಾಲ್ಕಿನ್,

ನಾನು ಬರುವುದಿಲ್ಲ. ಖಾಲಿ ಕೈಯಲ್ಲಿ ತವರಿಗೆ ಬಂದು ಹಜಾರದಲ್ಲಿ ಕೂತರೆ ಜನ ನೋಡಲು ಬರುತ್ತಾರೆ. ಅದು ನನ್ನಿಂದಾಗದು.

ಪರದೆಯ ಗೌನನ್ನು ಬಸ್ಸಿಗೆ ಹಾಕು. ತೋಳು ಸರಿಮಾಡಿ ಕಳಿಸುತ್ತೇನೆ. ಹಾಸ್ಟೆಲಿನಲ್ಲಿ ಪಕ್ಕದ ಕೋಣೆಯವಳ ಹತ್ತಿರ ಕೈಮೆಷಿನ್ ಇದೆ.

ಶೆರ್ಗಾಜಿ ಏನಂತಾನೆ? ಹುಷಾರಾಗಿರು.

ಉಲ್ಕಾನ್

*

ಅತ್-ಬಾಶಿ
30 ಆಗಸ್ಟ್ 1998

ಅಕ್ಕಾ,

ಗೌನು ಬಂತು. ಇದು ಅದೇ ಪರದೆ ಅಂದರೆ ಯಾರೂ ನಂಬುವುದಿಲ್ಲ. ಹೆಡ್‌ಮಿಸ್ಸು ತಾವೇ ನಂಬಲಿಲ್ಲ.

ಶೆರ್ಗಾಜಿ ಏನಂತಾನೆ ಎಂದು ಕೇಳಿದ್ದಿರಿ. ಹೇಳುತ್ತೇನೆ.

ಹತ್ತು ದಿನದ ಕೆಳಗೆ ಅವನೇ ಶಿಶುವಿಹಾರದ ಕೋಣೆಗೆ ಬಂದ, ಅಂಗಡಿ ಈಗ ಅಲ್ಲೇ. ಕಾರನ್ನು ದೂರ ನಿಲ್ಲಿಸಿ, ಮಗಳು ಬೆರ್ಮೆತ್‌ಳನ್ನು ಕರೆದುಕೊಂಡು ನಡೆದೇ ಬಂದ. ಅವನು ಟೋಪಿ ತೆಗೆದು, "ಸೆಪ್ಟೆಂಬರಿನಲ್ಲಿ ಇವಳ ಮದುವೆ. ಪೊಲೀಸ್ ಸಾಹೇಬರ ಮಗ. ಎರಡೂ ಕಡೆ ಮಾತಾಗಿದೆ, ಗಂಡಿನ ಕಡೆಯಿಂದ ಕುರಿ ಕುದುರೆ ಎಲ್ಲ ಬಂದಾಗಿದೆ. ನನ್ನ ಮಗಳನ್ನ ಯಾರೋ ಎಳ್ಕೊಂಡು ಹೋಗಿದ್ದು ಅಂತ ಆಗಬಾರದು. ನಿನ್ನ ಪದ್ಧತಿ ಏನಿದೆಯೋ ಮಾಡಮ್ಮ. ಕೇಳು," ಎಂದ.

ಕೂರಲು ಅಲ್ಲಿರುವುದು ಮಕ್ಕಳ ಕುರ್ಚಿಗಳು. ಆ ದೊಡ್ಡ ಮನುಷ್ಯ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಹೊರಗಿನ ಮೊಗಸಾಲೆಯಲ್ಲಿ ಕೂತ.

ಒಳಗೆ ಗೌನು ತೊಡಿಸಿ ಬೆನ್ನಿನ ದಾರ ಎಳೆದೆ. ಹುಡುಗಿ ಉಸಿರೇ ಬಿಡುತ್ತಿಲ್ಲ. "ಬಿಗಿಯಾಯ್ತಾ?" ಎಂದೆ. ಇಲ್ಲವೆಂದು ತಲೆ ಆಡಿಸಿದಳು. "ಕೇಳಬೇಕಲ್ಲಮ್ಮ, ಕೇಳ್ತೀನಿ. ನಿನಗೆ ಒಪ್ಪಿಗೆ ತಾನೇ?"

ಅವಳು ಗೋಡೆ ನೋಡಿದಳು. "ಇಲ್ಲ ಅಂದ್ರೆ ನೀವು ಅಪ್ಪನಿಗೆ ಹೇಳ್ತೀರಾ?" ಎಂದಳು.

ನನಗೆ ಎಷ್ಟು ದಣಿವಾಯಿತು ಅಂತ ಹೇಗೆ ಬರೆಯಲಿ. ಅಲ್ಲೇ ನೆಲದ ಮೇಲೆ ಮಲಗಿಬಿಡೋಣ ಅನ್ನಿಸಿತು. ಈ ಶರತ್ಕಾಲದ ಅತಿ ದೊಡ್ಡ ಮದುವೆ. ಅದು ನನ್ನ ಗೌನಿನಲ್ಲಿ ನಡೆದರೆ ಊರೆಲ್ಲ ಮತ್ತೆ ನನ್ನ ಬಾಗಿಲಿಗೆ. "ಹೂಂ ಅನ್ನು ತಾಯಿ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, "ನಾನು ಹೇಳ್ಲಾ?" ಎಂದು ಕೇಳಿದೆ, ಹೂಂ ಎಂದಳು.

ಹೊರಗೆ ಹೋಗಿ, "ಅಳತೆ ಆಯ್ತು ಅಣ್ಣ. ಹುಡುಗಿ ಒಲ್ಲೆ ಅಂತಾಳೆ," ಅಂದೆ.

"ಗೌನು ಒಲ್ಲೆ ಅಂತಾಳಾ?"

"ಮದುವೆ."

ಅವನು ಎದ್ದು ನಿಲ್ಲಲು ಹೋದ. ಕುರ್ಚಿ ಅಂಟಿಕೊಂಡೇ ಎದ್ದಿತು, ಮತ್ತೆ ಕೂತ. ಬೈಯುತ್ತಾನೆ, ಹೊಡೆಯುತ್ತಾನೆ ಅಂದುಕೊಂಡೆ. "ನನ್ನ ಹತ್ರ ಹೇಳಲಿಲ್ಲವಲ್ಲ," ಎಂದ.

"ನೀವು ಕೇಳಿದ್ರಾ?"

"ಮನೆ ಹೆಂಗಸರು ಒಪ್ಪಿದ್ದಾಳೆ ಅಂದ್ರು." ಟೋಪಿಯನ್ನು ತಿರುಗಿಸುತ್ತಾ ಕೂತಿದ್ದ. ಆಮೇಲೆ, "ಇನ್ನೊಂದು ಸಲ ಕೇಳು," ಎಂದ.

"ನೀವೇ ಕೇಳಿ ಅಣ್ಣ. ಒಳಗಿದ್ದಾಳೆ."

ಅವನು ಒಳಗೆ ಹೋದ. ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ, ನಾನು ಅಂಗಳಕ್ಕೆ ಹೋಗಿ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಇಬ್ಬರೂ ಹೊರಗೆ ಬಂದರು. ಹುಡುಗಿಯ ಕಣ್ಣು ಕೆಂಪಗಿತ್ತು. ಅವನು ನನ್ನ ಕಡೆ ನೋಡದೆ ನಡೆದ.

ಮದುವೆ ನಿಂತಿತು. ಬಂದ ಕುದುರೆ ವಾಪಸು ಹೋಯಿತು. ಊರಿನಲ್ಲಿ ಒಂದು ವಾರ ಬೇರೆ ಮಾತಿರಲಿಲ್ಲ. ಬೆರ್ಮೆತ್ ನರ್ಸಿಂಗ್ ಓದಲು ನಾರಿನ್‌ಗೆ ಹೋಗುತ್ತಾಳಂತೆ. ಮೊನ್ನೆ ತಿಲೆಕ್ ಗಿರಣಿಯ ಒಂದು ಮೂಟೆ ಹಿಟ್ಟನ್ನು ಹೆಗಲ ಮೇಲೆ ಹೊತ್ತು ತಂದು ಬಾಗಿಲಲ್ಲಿ ಇಳಿಸಿದ. "ಅಪ್ಪ ಕಳಿಸಿದ್ರು. ಅಳತೆ ಕೂಲಿ," ಎಂದ. ಕಣ್ಣೆತ್ತಲಿಲ್ಲ. ಕುಂದುಜ್ ಪೋಸ್ಟಾಫೀಸಿಗೆ ಇನ್ನೂ ವಾಪಸು ಬಂದಿಲ್ಲ. ಬರುತ್ತಾಳೋ ಇಲ್ಲವೋ.

ಅತ್ತೆ ಇಡೀ ದಿನ ಗೊಣಗಿದರು. "ಗೌನು ಬಾಡಿಗೆಗೆ ಕೊಡೋ ಅಂಗಡೀನೋ, ಮದುವೆ ಮುರಿಯೋ ಅಂಗಡೀನೋ? ಹಿಂಗಾದ್ರೆ ನಾವು ಉದ್ಧಾರ ಆದಂಗೇ." ಗೊಣಗುತ್ತಲೇ ಹಿಟ್ಟು ಕಲಸಿ ಬೊರ್ಸೋಕ್ ಕರಿದರು, ಮೊದಲ ತಟ್ಟೆ ನನಗೇ ಕೊಟ್ಟರು.

ಅವರು ಹೇಳಿದ್ದು ಸುಳ್ಳಲ್ಲ, ಇದರಲ್ಲಿ ಉದ್ಧಾರವೇನೂ ಇಲ್ಲ. ಈ ತಿಂಗಳು ಗೌನು ಹೊರಗೆ ಹೋದದ್ದು ನಾಲ್ಕೇ ಸಲ. ಆದರೆ ನಾಲ್ವರೂ ತಾವೇ ಬಂದು, ಕನ್ನಡಿಯ ಮುಂದೆ ನಿಂತು, ಇಲ್ಲಿ ಸಡಿಲ ಮಾಡಿ, ಅಲ್ಲಿ ಬಿಗಿ ಮಾಡಿ ಎಂದು ನನ್ನನ್ನು ಸತಾಯಿಸಿ ಹೋದರು. ಸೊಂಟ ನೋಯುತ್ತಿದೆ. ನಾಳೆ ಇನ್ನಿಬ್ಬರು ಬರುತ್ತಾರೆ.

ಕೊನೆಯದಾಗಿ ಒಂದು ಮಾತು. ನಿಮ್ಮನ್ನು ಕರೆತರಲು ಅತ್ತೆ ಚಿಕ್ಕಪ್ಪನ ಮಗನನ್ನು ಅವನ ಕಾರಿನಲ್ಲಿ ಕಳಿಸುತ್ತಾರಂತೆ, "ಕೈಕಾಲು ಹಿಡಿದಾದ್ರೂ ಎತ್ತಿ ಹಾಕ್ಕೊಂಡು ಬಾ" ಎಂದು ಅವನಿಗೆ ಹೇಳಿಯೂ ಆಗಿದೆಯಂತೆ. ನಾನು ಬೇಡ ಅಂದೆ. ನಿಮ್ಮನ್ನು ಯಾರೂ ಎತ್ತಿಕೊಂಡು ಬರುವುದಿಲ್ಲ ಅಕ್ಕಾ. ಕೋಣೆಯಲ್ಲಿ ಕಿಟಕಿಯ ಪಕ್ಕ ಒಂದು ಮೆಷಿನ್ ಹಿಡಿಯುವಷ್ಟು ಜಾಗ ಇದೆ. ಘಾಟಿಯಲ್ಲಿ ಹಿಮ ಬೀಳಲು ಇನ್ನೂ ಸಮಯವಿದೆ. ಮನಸ್ಸಿದ್ದರೆ ಬನ್ನಿ. ಇಲ್ಲದಿದ್ದರೆ ಇಲ್ಲ ಎಂದು ಬರೆಯಿರಿ. ಯಾವುದು ಬರೆದರೂ ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ಕೇಳಬೇಕು ಅನ್ನಿಸಿತು, ಕೇಳಿದ್ದೇನೆ.

ಸಾಲ್ಕಿನ್